ಕಂತು

ಟೀವಿ ತಂದದ್ದು ಕಂತಿನಲ್ಲಿ, ಹನ್ನೆರಡರಲ್ಲಿ ಏಳು ಮುಗಿದಿದೆ.
ಸಾಕ್ಷ್ಯಚಿತ್ರಕ್ಕೆ ಆರು ಕಂತು.
ನೆಲ ಬಿಟ್ಟುಕೊಟ್ಟದ್ದಕ್ಕೆ ದೊಡ್ಡಪ್ಪನಿಗೆ ಎಷ್ಟು ಬಂತು, ಎಷ್ಟು ಬಾಕಿ,
ಕಾರವಾರದ ಕಚೇರಿಯ ಕಡತಕ್ಕೇ ಗೊತ್ತು.

ಯಾವುದೋ ದೂರದ ದೇಶ
ಇನ್ನೂರೈವತ್ತು ವರ್ಷದ ಹಿಂದೆ ರಾಜನನ್ನು ಬೇಡವೆಂದ ಕಥೆ.
ಇಂಗ್ಲಿಷು. ಹತ್ತನೇ ಇಯತ್ತೆಯ ಮಾಬ್ಲ
ಅರ್ಧ ಕೇಳಿ, ಅರ್ಧ ಊಹಿಸಿ ಕನ್ನಡ ಮಾಡುತ್ತಾನೆ.
ದೊಡ್ಡಪ್ಪ ಬಾಗಿಲ ಪಕ್ಕದ ಮಣೆಯ ಮೇಲೆ,
ಹರಿದ ಬಲೆಯ ತುದಿ ಕಾಲ ಹೆಬ್ಬೆರಳಿಗೆ ಸಿಕ್ಕಿಸಿ,
ಕೈ ಇತ್ತ, ಕಣ್ಣು ಅತ್ತ.

ಮೊದಲ ರಾತ್ರಿ ಚಹಾದ ಪೆಟ್ಟಿಗೆಗಳನ್ನು ಬಂದರಿಗೆ ಎಸೆದರು.
'ತೆರಿಗೆ ಹಾಕಿದ್ದಕ್ಕೆ ಸಿಟ್ಟು' ಎಂದ ಮಾಬ್ಲ.
'ಭರತವೋ ಇಳತವೋ?'
'ಎಂತದು?'
'ನೀರು, ತಮಾ. ಇಳತದಲ್ಲಿ ಚೆಲ್ಲಿದರೆ
ಸೊಪ್ಪು ಎಲ್ಲಿಗೂ ಹೋಗೂದಿಲ್ಲ, ಅಲ್ಲೇ ರಾಶಿ ಬೀಳ್ತದೆ.'
ಮಾಬ್ಲ ನಕ್ಕ. ಅಷ್ಟರಲ್ಲಿ ಒಳಗಿನ ಗಂಭೀರ ದನಿ ಹೇಳಿತು:
ನೀರು ಕಡಿಮೆ ಇತ್ತಂತೆ,
ಚಹಾ ಹುಲ್ಲಿನ ಬಣವೆಯ ಹಾಗೆ ನಿಂತಿತಂತೆ,
ಬೆಳಿಗ್ಗೆ ದೋಣಿ ಹಾಕಿ ಹುಟ್ಟಿನಿಂದ ಬಡಿದು ಮುಳುಗಿಸಿದರಂತೆ.
ದೊಡ್ಡಪ್ಪ ಏನೂ ಅನ್ನಲಿಲ್ಲ. ಗಂಟು ಬಿಗಿದ.
ಆಮೇಲೆ ಆ ದೇಶ ಅವನಿಗೆ ಪರಿಚಯದ್ದಾಯಿತು.

ಎರಡನೆಯದರಲ್ಲಿ ಯುದ್ಧ, ಆದರೆ ಯುದ್ಧವಿಲ್ಲ.
ಆಗ ಕ್ಯಾಮೆರಾ ಇರಲಿಲ್ಲವಲ್ಲ.
ಎಣ್ಣೆಬಣ್ಣದ ಪಟದ ಮೇಲೆ ನಿಧಾನ ಸರಿಯುತ್ತಾರೆ,
ಕುದುರೆಯಿಂದ ಕೈಗೆ, ಕೈಯಿಂದ ಕಣ್ಣಿಗೆ.
ಬರೀ ಹೊಲ, ಬರೀ ಹಿಮ, ಬೆಳಗಿನ ಹೊಳೆ,
ಹಿಂದೆಲ್ಲೋ ಫಿರಂಗಿಯ ಸದ್ದು.
'ಯಾರೂ ಇಲ್ಲದ ಜಾಗ ತೋರಿಸಿ
ಇಲ್ಲಿ ಎಲ್ಲ ಇದ್ದರು ಅಂತಾರೆ' ಎಂದ ದೊಡ್ಡಪ್ಪ.
'ಅದು ಸರಿ.'

ಮರುದಿನ ಅವನ ಟ್ರಂಕಿನಿಂದ ಒಂದೇ ಒಂದು ಫೋಟೋ ಬಂತು.
ಶೇವಂತಿ ಅತ್ತೆಯ ಮದುವೆ. ಮದುಮಗಳ ದಂಡೆಯ ಹಿಂದೆ
ಎಡ ಮೂಲೆಗೆ ಬೆರಳಗಲ ಮರಳು,
ಒಂದು ಪಾತಿದೋಣಿಯ ಮೂತಿ.
ಗೋಡೆ ಏಳುವ ಮೊದಲಿನ ನಮ್ಮ ಊರು, ಇರುವುದು ಅಷ್ಟೇ.
ಮೊಬೈಲಿನಲ್ಲಿ ಹಿಡಿದು ಎರಡು ಬೆರಳಲ್ಲಿ ಹಿಗ್ಗಿಸಿದೆ,
ಆ ಸಿನೆಮಾದವರ ಹಾಗೆ ನಿಧಾನ,
ದಂಡೆಯಿಂದ ಭುಜಕ್ಕೆ, ಭುಜದಿಂದ ಮರಳಿಗೆ.
ಇನ್ನೂ ಹಿಗ್ಗಿಸಿದೆ.
ಮರಳು ಚೌಕಚೌಕವಾಗಿ ಒಡೆಯಿತು.

ಮೂರನೆಯ ಕಂತನ್ನು ಕರೆಂಟು ತಿಂದಿತು.

ನಾಲ್ಕನೆಯದರಲ್ಲಿ, ಹೆಚ್ಚೆಂದರೆ ಎರಡು ನಿಮಿಷ,
ಅಲ್ಲಿ ಮೊದಲೇ ಇದ್ದವರ ಸುದ್ದಿ.
ಅವರ ಜೋಳದ ಹೊಲ ಸುಟ್ಟದ್ದು, ಹೊಳೆಯಾಚೆ ಅಟ್ಟಿದ್ದು.
ಸ್ವಾತಂತ್ರ್ಯ ಬೇಕೆಂದವರೇ ಅಟ್ಟಿದ್ದು.
'ಅವರಿಗೆ ಕಾಲೊನಿ ಕೊಟ್ರನಾ?'
ಮಾಬ್ಲ ಕೇಳಿಸದವನ ಹಾಗೆ ದನಿ ಏರಿಸಿದ.
ನಮ್ಮನ್ನು ಏಳಿಸಿದ್ದೂ ದೇಶವೇ,
ದೇಶಕ್ಕೆ ಹಡಗು ನಿಲ್ಲಿಸಲು ಜಾಗ ಬೇಕಿತ್ತು.
ಲಾರಿಯಲ್ಲಿ ಮಡಕೆ, ಬಲೆ, ಒಂದು ತೆಂಗಿನ ಸಸಿ.
ಸಿಟ್ಟಿನಿಂದ ಹೇಳುವುದಿಲ್ಲ ಅವನು;
ಆಗಸ್ಟ್ ಹದಿನೈದಕ್ಕೆ ಅಂಗಿಗೆ ಬಾವುಟ ಚುಚ್ಚಿಕೊಂಡು
ಶಾಲೆಗೆ ಹೋಗಿ ಎರಡು ಪೆಪ್ಪರಮಿಂಟು ಇಸಕೊಂಡು ಬರುತ್ತಾನೆ.

'ನಮ್ಮ ಅವ್ವಿ ಉಪ್ಪು ತಂದಿದ್ದಳು' ಎಂದ ಐದನೆಯ ರಾತ್ರಿ,
ಜಾಹೀರಾತಿನ ನಡುವೆ.
ಅಂಕೋಲೆಯಲ್ಲಿ ಜನ ಉಪ್ಪು ಮಾಡಿದ ವರ್ಷ,
ಪೋಲೀಸನ ಎದುರಿಗೇ, ತಲೆಮೇಲಿನ ಬುಟ್ಟಿಯಲ್ಲಿ,
ಬಂಗಡೆಯ ಅಡಿಗೆ ಎರಡು ಸೇರು.
'ಕಾಯಿದೆ ಮುರಿಯೂಕೆ?' ಮಾಬ್ಲನ ಕಣ್ಣು ಅಗಲವಾಯಿತು.
'ಒಣಮೀನಿಗೆ ಹಾಕೂಕೆ.
ಕಾಯಿದೆಯೂ ಮುರೀತು ಅಂತ ಅವಳಿಗೆ ಆಮೇಲೆ ಗೊತ್ತಾಯ್ತು.'

ಆರನೆಯದರಲ್ಲಿ ಗರಿಯ ಲೇಖನಿ, ಸಹಿ, ಪಿಟೀಲು.
ಕೊನೆಗೆ ಕಪ್ಪು ತೆರೆಯ ಮೇಲೆ ಹೆಸರುಗಳು ಏರತೊಡಗಿದವು.
ದೊಡ್ಡಪ್ಪ ಬಲೆ ಬಿಟ್ಟು ಎದ್ದು ನಿಂತ.
'ಸತ್ತವರದಾ?'
'ಅಲ್ಲ, ಸಿನೆಮಾ ತೆಗೆದವರದು.'
ಆದರೂ ಮುಗಿಯುವವರೆಗೆ ನಿಂತೇ ಇದ್ದ.

ಹೊರಗೆ, ಹೆದ್ದಾರಿಯ ಆಚೆ, ಗೋಡೆಯ ಆಚೆ, ಕಾಣದ ಕಡಲು.
ನೌಕಾನೆಲೆಯ ದೀಪ ಬಿದ್ದು ಮೋಡದ ಹೊಟ್ಟೆ ಹಳದಿ.
'ಭರತ ಏರ್ತಾ ಇದೆ' ಎಂದ. ನನಗೇನೂ ಕೇಳಿಸಲಿಲ್ಲ.
ಚಪ್ಪಲಿ ಹುಡುಕುತ್ತ ಮಾಬ್ಲನಿಗೆ ಹೇಳಿದ:
'ನಾಳೆ ಮೊದಲನೇದೇ ಇನ್ನೊಂದ್ಸಲ ಹಾಕು, ತಮಾ.
ಆ ರಾತ್ರಿ ಗಾಳಿ ಯಾವ ಕಡೆಯಿಂದ ಇತ್ತು, ನೋಡಬೇಕು.'